ಬೋರಲು ಹಾಕಿದ ಕೊಳ

ಕಳೆದ ತಿಂಗಳು ಗುರುಗುಂಟಾದಲ್ಲಿ ಗೆಳೆಯನೊಬ್ಬನ ಮಗಳ ಮದುವೆ. ಚಪ್ಪರದ ಹಿಂದೆ ಬಿರಿಯಾನಿ ದೇಗಿನ ಬಾಯಿಗೆ ಮೆತ್ತಿದ್ದ ಹಿಟ್ಟನ್ನು ಒಡೆದು ಮುಚ್ಚಳ ಸರಿಸಿದರು. ಹಬೆಯ ಜೊತೆಗೆ ಏಲಕ್ಕಿ, ಪುದೀನ, ತುಪ್ಪದ ವಾಸನೆ ಎದ್ದು ಬಂತು. ಸುತ್ತ ನಿಂತವರ ಬಾಯಲ್ಲಿ ನೀರು. ನಾನು ಮಾತ್ರ ಎರಡು ಹೆಜ್ಜೆ ಮುಂದೆ ಹೋಗಿ ಕತ್ತು ಚಾಚಿ ದೇಗಿನೊಳಗೆ ಇಣುಕಿದೆ. ಅನ್ನವಿತ್ತು. ಬರೀ ಅನ್ನ. ಆಮೇಲೆ ಉಸಿರು ಬಿಟ್ಟೆ.

“ಏನ್ ಹುಡುಕಾಕತ್ತೀರಿ ಸಾಹೇಬ್ರ? ಪೀಸ್ ತಳದಾಗ ಅದಾವ, ಗಾಬರಿ ಆಗಬ್ಯಾಡ್ರಿ,” ಎಂದ ಅಡುಗೆಯವ.

ಪೀಸ್ ಅಲ್ಲ ತಮ್ಮಾ, ಕೂಸು ಹುಡುಕುತ್ತಿದ್ದೆ ಎಂದು ಹೇಳಿದ್ದರೆ ಅವನು ಸೌಟು ಬಿಟ್ಟು ಓಡುತ್ತಿದ್ದ. ನಾನು ಸುಮ್ಮನೆ ತಟ್ಟೆ ಹಿಡಿದೆ. ಹಿಡಿದವನು ಮತ್ತೊಮ್ಮೆ ದೇಗಿನೊಳಗೆ ಇಣುಕಿದೆ. ನನ್ನ ಹೆಂಡತಿ ಶಾರದಾ ಅದನ್ನು ನೋಡಿ, “ಮತ್ತ ಆ ಹಳ್ಳ ನೆಪ್ಪಾತೇನ್ರಿ?” ಎಂದಳು. ಆತು, ಎಂದೆ.

ಆ ಹಳ್ಳದ ವರ್ಷ ನನಗೆ ನಲವತ್ತೇಳು. ಕಿರಿಯ ಎಂಜಿನಿಯರ್. ನಲವತ್ತೇಳಕ್ಕೂ ‘ಕಿರಿಯ’ ಎಂದು ಕರೆಸಿಕೊಳ್ಳುವ ಸುಖ ಸರಕಾರಿ ನೌಕರಿಯಲ್ಲಿ ಮಾತ್ರ ಸಿಗುತ್ತದೆ. ಮನೆ ಲಿಂಗಸುಗೂರಿನಲ್ಲಿ, ಕಚೇರಿ ಮಸ್ಕಿಯಲ್ಲಿ. ಮಸ್ಕಿ ಆಗಷ್ಟೇ ತಾಲೂಕು ಆಗಿತ್ತು. ಫಲಕ ಬಂದಿತ್ತು, ಕುರ್ಚಿಗಳು ಬಂದಿದ್ದವು, ಕಂಪ್ಯೂಟರ್ ಬಂದಿತ್ತು. ಮನುಷ್ಯರು ಇನ್ನೂ ಬರಬೇಕಿತ್ತು. ಅದಕ್ಕೇ ಇದ್ದ ಒಬ್ಬನಿಗೆ ಎರಡು ತಾಲೂಕಿನ ಹೊರೆ. ಮಸ್ಕಿ ಪೂರ್ತಿ, ಮೇಲೆ ಸಿಂಧನೂರಿನ ಒಂದಷ್ಟು ಹಳ್ಳಿಗಳು.

ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದ ಕಸುಬು. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂದು ವಾಪಸು ಬಂದವನು ನಾನು. ಹೆಗಲಲ್ಲಿ ಸದಾ ಒಂದು ರೆಕ್ಸಿನ್ ಬ್ಯಾಗು, ಅದರೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಕಾಗದಗಳು. “ನಿಮ್ಮ ಚಿಂತಿಗೇ ಒಂದು ಇಲಾಖೆ ಮಾಡಬೇಕ್ರಿ, ನೀವ ಅದಕ್ಕ ದೊಡ್ಡ ಸಾಹೇಬ್ರು,” ಎನ್ನುತ್ತಿದ್ದಳು ಶಾರದಾ. ಬೈಕಿನ ಮೇಲೆ ಮೂರು ಊರು ದಾಟುವಾಗ ಚಿಂತೆಯ ಬಣ್ಣವೂ ಬದಲಾಗುತ್ತಿತ್ತು. ಲಿಂಗಸುಗೂರಿನ ಒಣಭೂಮಿಯಲ್ಲಿ ನೀರಿಲ್ಲವಲ್ಲ ಎಂಬ ಚಿಂತೆ. ಮಸ್ಕಿಯ ಗುಡ್ಡದ ಬಂಡೆ ಕಾದು ಮುಖಕ್ಕೆ ಹೊಡೆಯುವಾಗ ಪೆಟ್ರೋಲ್ ಟ್ಯಾಂಕಿನ ಚಿಂತೆ. ಸಿಂಧನೂರಿನ ಕಾಲುವೆ ಸೀಮೆಗೆ ಬಂದು ಕಣ್ಣಿಗೆ ಭತ್ತದ ಹಸಿರು ಬಿದ್ದ ಕೂಡಲೇ, ಇಷ್ಟು ನೀರು ಎಲ್ಲಿಗೆ ಹೋಗುತ್ತದಪ್ಪಾ ಎಂಬ ಚಿಂತೆ.

ಆ ನೀರು ಹೋಗುತ್ತಿದ್ದ ಕಡೆಗಳಲ್ಲಿ ಒಂದು, ನಾನು ಹೇಳಹೊರಟ ಊರಿನ ಹಳ್ಳ. ಊರಿನ ಹೆಸರನ್ನು ಬರೆಯುವ ಧೈರ್ಯ ನನಗಿಲ್ಲ. ದಿನ್ನಿ ಎಂದು ಕರೆಯುತ್ತೇನೆ. ನಮ್ಮ ಸೀಮೆಯಲ್ಲಿ ಹೆಜ್ಜೆಗೊಂದು ದಿನ್ನಿ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊರೇಬಾಳ ದಾಟಿ ಎಷ್ಟು ದೂರ, ಯಾವ ಕಡೆ ತಿರುಗಬೇಕು ಎಂಬುದನ್ನೂ ಹೇಳುವುದಿಲ್ಲ. ಹಳ್ಳದ ಈಚೆ ದಿನ್ನಿ, ಆಚೆ ಕ್ಯಾಂಪು. ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ನೆಲೆ ನಿಂತವರ ಊರುಗಳನ್ನು ಇಲ್ಲಿ ಇಂದಿಗೂ ಕ್ಯಾಂಪು ಎಂದೇ ಕರೆಯುತ್ತಾರೆ. ಈ ಹಳ್ಳದ ಸ್ವಭಾವ ವಿಚಿತ್ರ. ಮಳೆಗೆ ತುಂಬುವ ಹಳ್ಳವನ್ನು ಮೋಡ ನೋಡಿಯಾದರೂ ಅಳೆಯಬಹುದು. ಇದು ಕಾಲುವೆಯ ಹೆಚ್ಚುವರಿ ನೀರು ಬೀಳುವ ಹಳ್ಳ. ಮೇಲೆಲ್ಲೋ ಯಾರೋ ಗೇಟು ಎತ್ತಿದರೆ, ಬಿರುಬಿಸಿಲಿನಲ್ಲಿ, ಒಂದು ಹನಿ ಮಳೆಯಿಲ್ಲದೆ, ಮೊಣಕಾಲಿನ ನೀರು ಎದೆಗೆ ಬರುತ್ತದೆ.

ಶ್ರಾವಣದಲ್ಲಿ, ನಾಟಿಯ ಹಂಗಾಮಿನಲ್ಲಿ, ನಾನು ಮೊದಲ ಸಲ ಅಲ್ಲಿಗೆ ಹೋದೆ. ಹಿಂದುಳಿದ ಹಳ್ಳಿಗಳಿಗೆ ವಿಶೇಷ ಅನುದಾನ ಬರುವುದಿತ್ತು. ಯಾವ ಊರಿಗೆ ಏನು ಬೇಕು ಎಂದು ಕೇಳಿ ಪಟ್ಟಿ ಮಾಡುವುದು ನನ್ನ ಕೆಲಸ. ಹಳ್ಳದ ದಂಡೆಗೆ ಬಂದು ಬೈಕು ನಿಲ್ಲಿಸಿದೆ. ಆಚೆ ದಡದಿಂದ ಒಂದು ದೊಡ್ಡ ದೇಗು ನೀರಿನ ಮೇಲೆ ತೇಲಿ ಬರುತ್ತಿತ್ತು. ಮದುವೆ ಬಿರಿಯಾನಿಯ ದೇಗು. ಅದರ ಕಿವಿಗೆ ಎರಡು ಹಗ್ಗ. ಮುಂದಿನ ಹಗ್ಗವನ್ನು ಈ ದಡದಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಎಳೆಯುತ್ತಿದ್ದರು, ಹಿಂದಿನದನ್ನು ಆಚೆ ದಡದಲ್ಲಿ ಒಬ್ಬ ಬಿಗಿ ಹಿಡಿದಿದ್ದ. ದೇಗಿನ ಪಕ್ಕದಲ್ಲೇ ಸೊಂಟದ ನೀರಿನಲ್ಲಿ ಒಬ್ಬ ಹೆಂಗಸು, ಅಂಚಿನ ಮೇಲೆ ಕೈ ಊರಿ ನಡೆದು ಬರುತ್ತಿದ್ದಳು. ಏನೋ ಅಡುಗೆ ಸಾಮಾನು ಸಾಗಿಸುತ್ತಿದ್ದಾರೆ ಎಂದುಕೊಂಡೆ.

ದೇಗಿನ ಅಂಚಿನಿಂದ ಒಂದು ತಲೆ ಎದ್ದಿತು. ಆಮೇಲೆ ಇನ್ನೊಂದು. ಎಣ್ಣೆ ಹಚ್ಚಿ ಬಾಚಿದ, ರಿಬ್ಬನ್ ಕಟ್ಟಿದ ಪುಟ್ಟ ತಲೆಗಳು.

ಆರು ಕೂಸುಗಳನ್ನು ಒಂದೊಂದಾಗಿ ಎತ್ತಿ ದಡಕ್ಕಿಳಿಸಿ, ಸೀರೆ ಹಿಂಡಿಕೊಳ್ಳುತ್ತ ಆ ಹೆಂಗಸು ನನ್ನ ಕಡೆ ನೋಡಿದಳು.

“ಯಾಕ್ರೀ ಸಾಹೇಬ್ರ, ಹಿಂಗ ನಿಂತೀರಿ? ಇನ್ನೊಂದು ಟ್ರಿಪ್ ಐತಿ. ಐದು ಅದಾವ.”

ಅವಳು ಹುಲಿಗೆಮ್ಮ, ದಿನ್ನಿಯ ಅಂಗನವಾಡಿ ಕಾರ್ಯಕರ್ತೆ. ಮುದುಕರು ಮೌಲಾಸಾಬ್, ಮದುವೆ ಅಡುಗೆಯವರು, ದೇಗು ಅವರದೇ. ಕ್ಯಾಂಪಿನಲ್ಲಿದ್ದ ಪುಟ್ಟ ಕೇಂದ್ರವನ್ನು ಆ ವರ್ಷ ದಿನ್ನಿಯ ಕೇಂದ್ರದೊಳಗೆ ಸೇರಿಸಿದ್ದರು. ಕ್ಯಾಂಪಿನ ಮಕ್ಕಳು ಹಾಜರಾಗದಿದ್ದರೆ ಮುಂದಿನ ಜೂನಿಗೆ ಹನ್ನೊಂದೂ ಹೆಸರು ಹೊಡೆದು ಹಾಕುವುದೆಂದು ಮೇಲ್ವಿಚಾರಕಿ ಹೇಳಿ ಹೋಗಿದ್ದರು. ತಾಯಂದಿರು ನಸುಕಿಗೇ ನಾಟಿಗೆ ಹೋಗುವವರು. ಹೆಸರು ಹೋದರೆ ಹಾಲು ಇಲ್ಲ, ಮೊಟ್ಟೆ ಇಲ್ಲ, ಅಕ್ಷರ ಇಲ್ಲ. ಗದ್ದೆಯ ಬದುವಿನ ಮೇಲೆ ಕೂತು ದಿನ ಕಳೆಯುವುದು.

“ಬಗಲಾಗ ಎರಡು ಎತ್ತಬಹುದು, ಹನ್ನೊಂದು ಎತ್ತಾಕ ಬರ್ತೈತೇನ್ರಿ? ಅದಕ್ಕ ಚಾಚಾನ ದೇಗು ಕೇಳ್ದೆ,” ಎಂದಳು ಹುಲಿಗೆಮ್ಮ.

“ಲಗ್ನದ ದಿನ ಮಾತ್ರ ರಜಾರೀ,” ಎಂದರು ಮೌಲಾಸಾಬ್. “ಅವತ್ತು ಇದರಾಗ ಬಿರಿಯಾನಿ ಇರ್ತೈತಿ, ಕೂಸು ಕೂಡಂಗಿಲ್ಲ.”

ಸೇರಿದವರೆಲ್ಲ ನಕ್ಕರು. ನಾನು ನಗಲಿಲ್ಲ. ದಿನ್ನಿಯವರು ಕೇಳಿದ್ದು ಒಂದೇ. ಗುಡಿಗೆ ಕಾಂಪೌಂಡು ಬೇಡ, ಸಿಸಿ ರಸ್ತೆ ಬೇಡ, ದೊಡ್ಡ ದೀಪದ ಕಂಬ ಬೇಡ. “ಹಳ್ಳಕ್ಕೊಂದು ಪೂಲ್ ಕೊಡ್ರಿ ಸಾಹೇಬ್ರ. ಪೂಲ್ ಆದ್ರ ಸಾಕು.”

ಪೂಲ್. ನಮ್ಮ ಕಡೆ ಸೇತುವೆಗೆ ಪೂಲ್ ಎನ್ನುತ್ತೇವೆ. ನಿಜಾಮನ ಕಾಲದ ಮಾತು. ನಿಜಾಮ ಹೋದ, ಪೂಲ್ ಉಳಿಯಿತು. ನಮ್ಮಪ್ಪ ಬಸ್ಸಿನಲ್ಲಿ “ಪೂಲ್ ದಾಟಿ ನಿಲ್ಲಿಸ್ರೀ” ಎಂದದ್ದನ್ನು ಕೇಳಿ ಬೆಳೆದವನು ನಾನು. ಸೇತುವೆ ಎಂಬುದು ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕ ಪದ.

ಪಟ್ಟಿ ತುಂಬಲು ಕೊನೆಯ ದಿನ. ಮಸ್ಕಿ ಕಚೇರಿಯಲ್ಲಿ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಆನ್‌ಲೈನ್ ಅರ್ಜಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ನಲವತ್ತು ಊರುಗಳ ಬೇಡಿಕೆಗಳನ್ನು ತುಂಬಿದೆ. ಪಿನ್‌ಕೋಡ್ ನಾಲ್ಕು ಸಲ ನೋಡಿದೆ. ಜನಸಂಖ್ಯೆಯ ಅಂಕಿ ಐದು ಸಲ. ದಿನ್ನಿಯ ಸಾಲಿಗೆ ಬಂದಾಗ ಕಿವಿಯಲ್ಲಿ ಅವರ ಮಾತೇ ತುಂಬಿತ್ತು. ಕೈ ತಾನಾಗಿಯೇ ಪಿ, ಓ, ಓ, ಎಲ್ ಎಂದು ಬಡಿಯಿತು. ಕಂಪ್ಯೂಟರು ವಿನಯದಿಂದ ಅದನ್ನು ಪೂರ್ತಿ ಮಾಡಿ ಒಂದು ಸಾಲು ತೋರಿಸಿತು. ಒತ್ತಿದೆ. ಆ ಸಾಲನ್ನು ಓದಲಿಲ್ಲ. ಯಾಕೆಂದರೆ ಅಷ್ಟೊತ್ತಿಗೆ ಪಿನ್‌ಕೋಡ್ ಬಗ್ಗೆ ಮತ್ತೆ ಅನುಮಾನ ಬಂದಿತ್ತು.

ದೀಪಾವಳಿ ಮುಗಿದ ವಾರ ಮಂಜೂರಾತಿ ಪಟ್ಟಿ ಬಂತು. ನಮ್ಮ ಸಾಹೇಬರು ಮಂಡ್ಯದ ಕಡೆಯವರು. ಬಿಸಿಲಿಗೆ ಬೈಯುತ್ತ, ಜನರನ್ನು ಮೆಚ್ಚುತ್ತ ಕಾಲ ಹಾಕುತ್ತಿದ್ದವರು. ಅವತ್ತು ಖುಷಿಯಿಂದ ನನ್ನನ್ನು ಕರೆದರು.

“ಬನ್ರೀ, ಬನ್ರೀ. ಇಡೀ ಪಟ್ಟೀಲಿ ಚರಂಡಿ, ಸಿಸಿ ರಸ್ತೆ, ಚರಂಡಿ, ಸಿಸಿ ರಸ್ತೆ. ನೀವೊಬ್ರೇ ನೋಡಿ ಬೇರೆ ಥರ ಯೋಚನೆ ಮಾಡಿರೋದು. ಹಳ್ಳಿ ಮಕ್ಕಳಿಗೆ ಈಜುಕೊಳ! ಸಖತ್ತಾಗಿದೆ ಕಣ್ರೀ.”

ಕಾಗದ ಕೈಗೆ ತೆಗೆದುಕೊಂಡೆ. ದಿನ್ನಿ. ಈಜುಕೊಳ ನಿರ್ಮಾಣ. ಮಂಜೂರಾಗಿದೆ. ಮೂರು ಸಲ ಓದಿದೆ. ನೆಲ ಎಲ್ಲಿದೆ ಎಂದು ಕಾಲಿನಿಂದ ಹುಡುಕಿದೆ.

“ಸರ್... ಅದು ಪೂಲ್ ಅಲ್ಲ ಸರ್. ಪೂಲ್.”

“ಏನಂದ್ರಿ?”

“ಪೂಲ್ ಸರ್. ಪೂಲ್ ಅಂದರೆ ಸೇತುವೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ದನಿ ತಗ್ಗಿಸಿ ಹೇಳಿದರು: “ಕಾಮಗಾರಿ ಬದಲಾವಣೆಗೆ ಬರೆದರೆ ಕಾಗದ ಮೇಲಕ್ಕೆ ಹೋಗತ್ತೆ. ಮೇಲಕ್ಕೆ ಹೋದದ್ದು ಮಾರ್ಚ್ ಒಳಗೆ ಕೆಳಗೆ ಬಂದದ್ದನ್ನ ನಿಮ್ಮ ಸರ್ವೀಸಲ್ಲಿ ನೋಡಿದೀರಾ? ಏಪ್ರಿಲ್‌ಗೆ ಅನುದಾನ ವಾಪಸ್. ಆಮೇಲೆ ಕೊಳಾನೂ ಇಲ್ಲ, ಸೇತುವೇನೂ ಇಲ್ಲ.”

ದಿನ್ನಿಗೆ ಹೋಗಿ ಹೇಳಬೇಕಿತ್ತು. ನಾಲ್ಕು ದಿನ ಮುಂದೂಡಿದೆ. ಐದನೆಯ ದಿನ ಆ ಮಂಜೂರಾತಿ ಪತ್ರವನ್ನು ಚೀಲದೊಳಗಿನ ಚೀಲದಲ್ಲಿಟ್ಟು, ಬ್ಯಾಗು ಹೆಗಲಿಗೇರಿಸಿ ಹೊರಟೆ. ದಾರಿಯುದ್ದಕ್ಕೂ ಮಾತು ಕಟ್ಟಿದೆ, ಕೆಡವಿದೆ. ನಾನು ದಂಡೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅಂಗನವಾಡಿ ಬಿಟ್ಟು ಮಕ್ಕಳು ಕ್ಯಾಂಪಿಗೆ ಮರಳುವ ಹೊತ್ತು. ಮೊದಲ ಟ್ರಿಪ್ ಹೋಗಿಯಾಗಿತ್ತು. ದೇಗಿನಲ್ಲಿ ಉಳಿದ ಐದು ಕೂಸುಗಳು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬೇಯಿಸಿದ ಮೊಟ್ಟೆ. ಆಚೆ ದಡದಲ್ಲಿ ಮೌಲಾಸಾಬ್ ಮುಂದಿನ ಹಗ್ಗ ಹಿಡಿದು ಕಾಯುತ್ತಿದ್ದರು. ಈಚೆ ದಡದಲ್ಲಿ ಹಿಂದಿನ ಹಗ್ಗ ಹಿಡಿದಿದ್ದವನಿಗೆ ಸಿಂಧನೂರಿನ ಬಸ್ಸಿಗೆ ಹೊತ್ತಾಗಿತ್ತು. ನನ್ನನ್ನು ನೋಡಿದ್ದೇ, “ಸಾಹೇಬ್ರು ಬಂದ್ರು, ಇವರ ಕೈಯಾಗ ಕೊಡ್ತೀನಿ ಅಕ್ಕಾ,” ಎಂದು ಹಗ್ಗ ನನ್ನ ಕೈಗಿತ್ತು ಓಡಿಯೇ ಬಿಟ್ಟ.

“ಬಿಗಿ ಹಿಡೀರಿ, ಅಷ್ಟ. ದೇಗು ತಿರುಗಬಾರದು,” ಎಂದಳು ಹುಲಿಗೆಮ್ಮ. “ಸಾವಕಾಶ ಬಿಡ್ಕೋಂತ ಬರ್ರಿ.”

ಮೊಣಕಾಲಿನವರೆಗೆ ನೀರಿಗಿಳಿದು ಹಿಡಿದೆ. ದೇಗು ಅರ್ಧ ಹಳ್ಳ ದಾಟಿತ್ತು. ನೀರಿನ ಸದ್ದು ಬದಲಾಯಿತು. ಮೇಲಿನಿಂದ ಭತ್ತದ ಹುಲ್ಲು, ನೊರೆ, ಒಂದು ಪ್ಲಾಸ್ಟಿಕ್ ಕೊಡ ಒಟ್ಟಿಗೆ ಬಂದವು. ಎಲ್ಲೋ ಗೇಟು ಎತ್ತಿದ್ದರು. ನನ್ನ ಮೊಣಕಾಲಿನ ನೀರು ತೊಡೆಗೆ ಬಂತು, ತೊಡೆಯಿಂದ ಸೊಂಟಕ್ಕೆ. ಹೆಗಲಿನ ಬ್ಯಾಗು ಜಾರಿ ಅದರ ತಳ ನೀರಿಗೆ ತಾಕಿತು.

ಮುಂದಿನದನ್ನು ನಾನು ಇಲ್ಲಿಯವರೆಗೆ ಶಾರದಾಳಿಗೂ ಸರಿಯಾಗಿ ಹೇಳಿಲ್ಲ. ನಾನು ಬ್ಯಾಗು ಎತ್ತಿದೆ. ಎರಡೂ ಕೈಯಿಂದ ಎತ್ತಿದೆ. ಒಂದು ಕೈಯಲ್ಲಿ ಹಗ್ಗವಿದೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಆ ಕೈ ಬ್ಯಾಗಿನ ಕಡೆಗೆ ಹೋಯಿತು.

ಹಗ್ಗ ಹಾವಿನ ಹಾಗೆ ನೀರಿನಲ್ಲಿ ಓಡಿತು. ದೇಗು ಗಿರ್ರೆಂದು ತಿರುಗಿ ವಾಲಿತು. ಹುಲಿಗೆಮ್ಮ ಎದೆಯೊತ್ತಿ ಅದನ್ನು ತಡೆದಳು; ನಾಲ್ಕು ಕೂಸು ಒಳಗೇ ಉಳಿದವು, ಒಂದು ಹೊರಗೆ ಬಿತ್ತು. ಮೂರು ವರ್ಷದ ಚಿಟ್ಟಿ. ಕೆಂಪು ರಿಬ್ಬನ್ ಒಂದು ಕ್ಷಣ ಕಾಣಿಸಿತು, ಆಮೇಲೆ ಕಾಣಲಿಲ್ಲ. ಆಚೆಯಿಂದ ಮೌಲಾಸಾಬ್ “ಯಾ ಅಲ್ಲಾ!” ಎಂದು ಕೂಗಿ ದೇಗನ್ನು ಒಂದೇ ಉಸಿರಿಗೆ ಜಗ್ಗಿಕೊಂಡರು. ಹುಲಿಗೆಮ್ಮ ಮುಳುಗಿದಳು. ನಾನು ಬ್ಯಾಗನ್ನು ತಲೆಯ ಮೇಲೆ ಹೊತ್ತು ನಿಂತಿದ್ದೆ. ಕೂಗಲಿಲ್ಲ, ಹಾರಲಿಲ್ಲ. ನಿಂತಿದ್ದೆ.

ಹುಲಿಗೆಮ್ಮ ಹತ್ತು ಮಾರು ಕೆಳಗೆ ಎದ್ದಳು. ಕೈಯಲ್ಲಿ ಚಿಟ್ಟಿಯ ಜಡೆ. ಜಡೆಯ ಹಿಂದೆ ಚಿಟ್ಟಿ. ಆಚೆ ದಡಕ್ಕೆ ಹಾಕಿ, ಬೋರಲು ಮಲಗಿಸಿ, ಬೆನ್ನು ಗುದ್ದಿದಳು. ನೀರು ಕಾರಿತು. ಅತ್ತಿತು. ಆ ಅಳುವಿನಂಥ ಸಿಹಿ ಸದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಕ್ಯಾಂಪಿನ ಕಡೆಯಿಂದ ಚಿಟ್ಟಿಯ ಅಜ್ಜಿ “ಅಯ್ಯೋ ದೇವುಡಾ” ಎನ್ನುತ್ತ ಓಡಿ ಬಂದಳು. ಕೂಸಿನ ಬಲಗೈ ಬಿಚ್ಚಲು ಹೋದರು, ಅದು ಬಿಚ್ಚಲೊಲ್ಲದು. ಮುಷ್ಟಿಯೊಳಗೆ ಮೊಟ್ಟೆ. ನಜ್ಜುಗುಜ್ಜಾದ, ಅರ್ಧ ಮೊಟ್ಟೆ. ಮೂರು ವರ್ಷದ ಕೂಸು ನೀರಿನ ತಳ ಮುಟ್ಟಿ ಬಂದರೂ ಹಿಡಿದದ್ದನ್ನು ಬಿಟ್ಟಿರಲಿಲ್ಲ.

“ಹಗ್ಗ ಜಾರ್ತು, ಸಾಹೇಬ್ರದೇನು ತಪ್ಪೈತಿ!” ಎಂದು ಮೌಲಾಸಾಬ್ ಆಚೆಯಿಂದಲೇ ಕೂಗಿ ನನಗೆ ಸಮಾಧಾನ ಹೇಳಿದರು. ಹುಲಿಗೆಮ್ಮ ನನ್ನ ತಲೆಯ ಮೇಲಿನ ಒಣ ಬ್ಯಾಗನ್ನು ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಕೂಸಿನ ಕಡೆ ತಿರುಗಿದಳು.

ನೀರು ಇಳಿಯಲಿಲ್ಲ. ನಾನು ಈಚೆ, ಅವರೆಲ್ಲ ಆಚೆ. ಮೌಲಾಸಾಬ್ ದೇಗಿನ ನೀರು ಚೆಲ್ಲಿ ಅದನ್ನು ಬೋರಲು ಹಾಕಿದರು. ಆಮೇಲೆ, ನನ್ನ ದೈವ, ಅವರಿಗೆ ಅದೇ ಹೊತ್ತಿಗೆ ನೆನಪಾಯಿತು.

“ಸಾಹೇಬ್ರ! ನಮ್ಮ ಪೂಲ್ ಏನಾತು?”

“ಬಂದೈತಿ!” ಎಂದು ಕೂಗಿದೆ. ಸುಳ್ಳಲ್ಲವಲ್ಲ.

“ಬಂತಾ? ಅರೇ ವಾ! ಏ ಹುಲಿಗೆವ್ವಾ, ಪೂಲ್ ಬಂತಂತ ಬೇ!”

“ಆದರ ಅದು ಈಸೋ ಪೂಲ್!”

“ಏನು? ಕೇಳವಲ್ದು!”

ಚೆನ್ನಾಗಿ ಕೇಳಲೆಂದು ಅವರು ಬೋರಲು ಹಾಕಿದ ದೇಗಿನ ಮೇಲೆ ಹತ್ತಿ ನಿಂತು ಕಿವಿಗೆ ಕೈಯಿಟ್ಟರು.

“ಈಸೋದು! ಈಜುಕೊಳ! ನಾ ತಪ್ಪು ಬರದೀನಿ!”

ಮೌಲಾಸಾಬ್ ಎರಡೂ ಕೈ ಚಾಚಿ ಆ ಕೊನೆಯಿಂದ ಈ ಕೊನೆಯವರೆಗೆ ಹಳ್ಳವನ್ನು ತೋರಿಸಿದರು.

“ಈಸಾಕ ಇದು ಸಾಲದಾತೇನ್ರೀ ಸಾಹೇಬ್ರ?”

ಯಾರೂ ನಗಲಿಲ್ಲ. ಹುಲಿಗೆಮ್ಮ ಒದ್ದೆ ಕೂಸನ್ನು ಸೆರಗಿನಲ್ಲಿ ಸುತ್ತಿ ಎದ್ದು ನಿಂತಳು. “ನಾಳಿಂದ ದೇಗು ಬಂದ್ ಚಾಚಾ,” ಎಂದಳು. ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ಬಯ್ಗುಳಕ್ಕಿಂತ ಅದು ಹೆಚ್ಚು ನಾಟಿತು. ತಲೆ ಎತ್ತಲಾಗದೆ ನಿಂತವನ ಕಣ್ಣಿಗೆ ಬಿದ್ದದ್ದು ಆ ದೇಗು. ತಳ ಮೇಲಿದೆ, ಗೋಡೆ ಕೆಳಗಿದೆ, ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಕೊಳ ಎಂದರೇನು? ಒಂದು ತಳ, ಸುತ್ತ ಗೋಡೆ. ಬೋರಲು ಹಾಕಿ, ಎರಡು ಬದಿ ತೆಗೆದರೆ? ಸೇತುವೆ. ಅದೇ ಕಾಂಕ್ರೀಟು, ಅದೇ ಕಬ್ಬಿಣ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ, ಒಬ್ಬ ಮುದುಕ ದೇಗಿನ ಮೇಲೆ ಹತ್ತಿ ನಿಂತಾಗ ಇದು ಹೊಳೆಯಿತು.

ಮರುದಿನದಿಂದ ಹುಲಿಗೆಮ್ಮ ಬೆಳಿಗ್ಗೆ ದಿನ್ನಿಯ ಕೇಂದ್ರ ಮುಗಿಸಿ, ಮಧ್ಯಾಹ್ನ ಕೂಸುಗಳು ನಡೆಯಲಾರದಷ್ಟು ದೂರದ ರಸ್ತೆ ಸುತ್ತಿ ನಡೆದು ಕ್ಯಾಂಪಿಗೆ ಹೋಗಿ, ಭತ್ತದ ಕಣದಲ್ಲಿ ಹನ್ನೊಂದು ಕೂಸುಗಳನ್ನು ಕೂಡಿಸಿ ಪಾಠ ಹೇಳಿದಳು. ಅದು ನಿಯಮದ ಪ್ರಕಾರ ಹಾಜರಿಯಲ್ಲ. ಜೂನಿನವರೆಗೆ ತಡೆಯುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದರಂತೆ ಮೇಲ್ವಿಚಾರಕಿ.

ನಾನು ಅಂದಾಜು ಪಟ್ಟಿ ಬರೆಯಲು ಕೂತೆ. ಚಿಂತೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿತು. ಅಮಾನತು, ವಿಚಾರಣೆ, ಪಿಂಚಣಿ, ಊರವರ ಮುಂದೆ ಮುಖ ಹೇಗೆ ತೋರಿಸುವುದು. ಎಲ್ಲವನ್ನೂ ಚಿಂತಿಸಿ ಮುಗಿಸಿದಾಗಲೂ ಕೆಂಪು ರಿಬ್ಬನ್ ಉಳಿದಿತ್ತು. ಬರೆದೆ: ಹರಿಯುವ ನೀರಿನ ಕೊಳ. ಸ್ಥಳ, ಹಳ್ಳ. ಉದ್ದಕ್ಕೆ ಗಟ್ಟಿ ಗೋಡೆಗಳು. ಒಳಹರಿವು ಪೂರ್ತಿ ತೆರೆದಿರಬೇಕು, ಹೊರಹರಿವು ಪೂರ್ತಿ ತೆರೆದಿರಬೇಕು. ಮೇಲೆ ಕಾಂಕ್ರೀಟಿನ ಮುಚ್ಚಳ. ಭತ್ತ ತುಂಬಿದ ಟ್ರ್ಯಾಕ್ಟರಿನ ಭಾರ ತಡೆಯುವಂಥದ್ದು. ಇದು ಸರಿಯೆಂದು ನಾನು ಯಾರ ಮುಂದೆಯೂ ವಾದಿಸುವುದಿಲ್ಲ. ಬರೆದದ್ದಂತೂ ನಾನೇ.

ಸಾಹೇಬರು ಒಂದೊಂದೇ ಸಾಲು ಬೆರಳಿಟ್ಟು ಓದಿದರು.

“ಕೊಳಕ್ಕೆ ಮುಚ್ಚಳ ಯಾಕ್ರೀ?”

“ಬಿಸಿಲು ಸರ್. ಸಿಂಧನೂರು ಬಿಸಿಲು.”

“ಟ್ರ್ಯಾಕ್ಟರ್ ಯಾಕ್ರೀ?”

“ಸರ್... ಈಜಲು ಬರುವವರು ಟ್ರ್ಯಾಕ್ಟರಿನಲ್ಲಿ ಬರುತ್ತಾರೆ ಸರ್.”

ಅವರು ಕಿಟಕಿಯ ಹೊರಗೆ ಮಸ್ಕಿ ಗುಡ್ಡವನ್ನು ನೋಡುತ್ತ ಕೂತರು. ಫ್ಯಾನು ಕಿರುಗುಟ್ಟುತ್ತಿತ್ತು. ಕುತ್ತಿಗೆಯಿಂದ ಇಳಿದ ಬೆವರು ನನ್ನ ಬೆಲ್ಟಿನವರೆಗೆ ತಲುಪಿದ್ದು ತಿಳಿಯಿತು.

“ಮುಚ್ಚಳದ ಮೇಲೆ ಎರಡೂ ಕಡೆ ಕೈಕಂಬಿ ಹಾಕಿದೀರಾ?”

“ಇಲ್ಲ ಸರ್.”

“ಹಾಕಿ. ಈಜೋರು ಬಿದ್ದುಗಿದ್ದಾರು.” ಸಹಿ ಮಾಡಿ, ಪೆನ್ನು ಮುಚ್ಚಿ, “ಇದನ್ನ ನಾನು ಓದಿಲ್ಲ,” ಎಂದರು.

ಮಾರ್ಚ್ ಮುಗಿಯುವ ಮುಂಚೆ ಕಾಮಗಾರಿ ಆದೇಶ ಹೊರಟು ಅನುದಾನ ಉಳಿಯಿತು. ಏಪ್ರಿಲಿನಲ್ಲಿ ಕಾಲುವೆ ಬಂದ್ ಆಯಿತು. ಹಳ್ಳ ಒಣಗಿ ಕಲ್ಲು ತೋರಿಸಿತು. ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲಿನಲ್ಲಿ ದಿನ್ನಿಯವರು, ಕ್ಯಾಂಪಿನವರು ಪಾಳಿಯ ಮೇಲೆ ಬಂದು ಕಾಂಕ್ರೀಟಿಗೆ ನೀರುಣಿಸಿದರು. ಗೋಣಿಚೀಲ ಹೊದಿಸಿ, ಅದು ಒಣಗದಂತೆ ಹಗಲೆಲ್ಲ ಕೊಡ ಕೊಡ ಸುರಿದರು. ಬಾಣಂತಿಯ ಆರೈಕೆ ಎಂದು ತಮಾಷೆ ಮಾಡುತ್ತಿದ್ದರು ಮೌಲಾಸಾಬ್. ನಾನು ವಾರಕ್ಕೆ ಮೂರು ಸಲ ಹೋದೆ. ಗುತ್ತಿಗೆದಾರ ಒಮ್ಮೆ ತಡೆಯಲಾರದೆ ಕೇಳಿದ: “ಸಾಹೇಬ್ರ, ಫಲಕದ ಮ್ಯಾಲ ಏನ್ ಬರೀಲಿ?” ಮಂಜೂರಾದದ್ದನ್ನೇ ಬರಿ ಎಂದೆ. ಬರೆದ. ಓದಲು ಬರುವವರು ಓದಿ, ಹಳ್ಳ ನೋಡಿ, ಮತ್ತೆ ಓದಿದರು.

ಜೂನಿನ ಮೊದಲ ಸೋಮವಾರ ಹನ್ನೊಂದು ಕೂಸುಗಳು ಕಾಲ್ನಡಿಗೆಯಲ್ಲಿ ಹಳ್ಳ ದಾಟಿದವು. ಕೆಳಗೆ ಮೊದಲ ಮಳೆಯ ಕೆಂಪು ನೀರು. ಚಿಟ್ಟಿ ನಡುವಿಗೆ ಬಂದು ನಿಂತು, ಕೈಕಂಬಿಯ ಸಂದಿನಿಂದ ಕೆಳಗೆ ನೋಡಿ, ಉಗುಳಿ, ಮುಂದೆ ನಡೆದಳು. ಹುಲಿಗೆಮ್ಮ ಎಲ್ಲರನ್ನೂ ಎಣಿಸಿ ಒಳಗೆ ಕಳಿಸಿ ನನ್ನ ಹತ್ತಿರ ಬಂದಳು.

“ಸಾಹೇಬ್ರ, ನಿಮ್ಮ ಬ್ಯಾಗ್ ಎಲ್ಲೈತಿ?”

“ಗಾಡಿ ಮ್ಯಾಲ ಬಿಟ್ಟು ಬಂದೀನಿ.”

“ಛಲೋ ಆತು,” ಎಂದಳು. ಅಷ್ಟೇ. ಹಾಜರಿ ಪುಸ್ತಕ ತೆರೆದು ಒಳಗೆ ಹೋದಳು. ಏಳು ತಿಂಗಳು ಅವಳು, ನಾನು ಹಗ್ಗ ಬಿಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ.

ಮಳೆಗಾಲದ ನಡುವೆ ತಪಾಸಣೆಗೆ ಬಂದರು. ಇಬ್ಬರು ಚುರುಕಿನ ಹುಡುಗಿಯರು, ಕೈಯಲ್ಲಿ ಟ್ಯಾಬ್. ನನ್ನ ಮುಂದೆಯೇ ಪೂಲಿನ ಮೇಲೆ ನಿಂತು, ಫಲಕದ ಫೋಟೊ ತೆಗೆದು, ಟ್ಯಾಬಿನಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು.

“ನೀರಿದೆಯಾ ಸರ್?”

ಕೆಳಗೆ ನೋಡಿದೆ. “ಇದೆ.”

“ನೀರು ಬದಲಾಯಿಸುವ ವ್ಯವಸ್ಥೆ?”

“ಸತತವಾಗಿ ಬದಲಾಗುತ್ತದೆ.”

“ಆಳ ತೋರಿಸುವ ಫಲಕ?” ಇಲ್ಲ.

“ಜೀವರಕ್ಷಕರು?” ಇಲ್ಲ.

ಟ್ಯಾಬಿನ ಮೇಲೆ ಬೆರಳು ಒತ್ತಿ, ಮೌಲಾಸಾಬರ ಮನೆಯ ಚಹಾ ಕುಡಿದು, ಅದೇ ಪೂಲಿನ ಮೇಲೆ ಕಾರು ಓಡಿಸಿಕೊಂಡು ಹೋದರು. ನಾನು ದಿಗ್ಭ್ರಮೆಯಿಂದ ಕಾರು ಹೋದ ದಾರಿಯನ್ನೇ ನೋಡುತ್ತ ನಿಂತೆ. ಅವರನ್ನು ದೂರುವಂತಿಲ್ಲ. ಅವರ ಪಟ್ಟಿಯಲ್ಲಿ ‘ಕೊಳ ಇದೆಯೇ?’ ಎಂಬ ಪ್ರಶ್ನೆಯೇ ಇರಲಿಲ್ಲ.

ತಿಂಗಳೊಳಗೆ ನನ್ನ ಹೆಸರಿಗೆ ನೋಟಿಸು ಬಂತು. ಬಂದೇ ಬಂತಲ್ಲ ಎಂದು ಒಡೆದೆ. ಸೇತುವೆ ಯಾಕೆ ಕಟ್ಟಿದೆ ಎಂದು ಕೇಳಿರಲಿಲ್ಲ. ಈಜುಕೊಳಕ್ಕೆ ಜೀವರಕ್ಷಕರನ್ನು ಯಾಕೆ ನೇಮಿಸಿಲ್ಲ, ಏಳು ದಿನದೊಳಗೆ ವಿವರಣೆ ಕೊಡಿ ಎಂದಿತ್ತು. ಜೊತೆಗೊಂದು ನಮೂನೆ: ಜೀವರಕ್ಷಕರ ಹೆಸರು, ಅನುಭವ, ಸ್ಥಳದಲ್ಲಿ ಆದ ಅವಘಡಗಳು, ಅವಕ್ಕೆ ಹೊಣೆ ಯಾರು.

ಶಾರದಾ ಓದಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಇಲ್ಲ ಅಂತ ಬರದು ಕಳಿಸ್ರಿ, ಮುಗೀತು.” ಅದೇ ಜಾಣತನ. ಅವಘಡದ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದಿದ್ದರೆ ಕಾಗದ ಕಡತದೊಳಗೆ ಹೋಗಿ ಮಲಗುತ್ತಿತ್ತು. ಆರು ದಿನ ಆ ನಮೂನೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಇಷ್ಟು ವರ್ಷ ನಾನು ತುಂಬಿದ ನಮೂನೆಗಳಲ್ಲಿ, ನನಗೆ ನಿಜವಾಗಿ ಉತ್ತರ ಗೊತ್ತಿದ್ದದ್ದು ಇದೊಂದೇ.

ಏಳನೆಯ ದಿನ ಕನ್ನಡದಲ್ಲಿಯೇ ತುಂಬಿದೆ.

ಜೀವರಕ್ಷಕರ ಹೆಸರು: ಹುಲಿಗೆಮ್ಮ, ಅಂಗನವಾಡಿ ಕಾರ್ಯಕರ್ತೆ.

ಅನುಭವ: ಹನ್ನೊಂದು ಮಕ್ಕಳನ್ನು ದಿನಕ್ಕೆ ಎರಡು ಸಲ ಹಳ್ಳ ದಾಟಿಸಿದ್ದು. ಮುಳುಗಿದ ಒಂದು ಕೂಸನ್ನು ಎತ್ತಿದ್ದು.

ಅವಘಡ: ಕಾಮಗಾರಿಗೆ ಮುಂಚೆ ಒಂದು. ಗೇಟು ಎತ್ತಿದ್ದರಿಂದ ನೀರು ಏರಿತು. ದೇಗಿಗೆ ಕಟ್ಟಿದ್ದ ಹಗ್ಗ ಜಾರಲಿಲ್ಲ, ತುಂಡಾಗಲಿಲ್ಲ. ಹಿಡಿದವನು ಕಾಗದ ಒದ್ದೆಯಾಗುತ್ತದೆಂದು ಬಿಟ್ಟನು.

ಹೊಣೆ: ಕೆಳಗೆ ಸಹಿ ಮಾಡಿದವನು.